ಲಾರಿಯವನ ಮೇಲೆ ಬಂದ ಅಪವಾದ

ಅವತ್ತು ಲಾರಿಯಿಂದ ಇಳಿಸುವಾಗ ಸರ್ವರ್ ಪೆಟ್ಟಿಗೆಯ ಒಂದು ಮೂಲೆ ನೆಲಕ್ಕೆ ತಾಗಿತ್ತು. ಕಂಡವರು ನಾಲ್ಕೈದು ಜನ. ಆಮೇಲೆ ಕಂಡೆವೆಂದು ಹೇಳಿದವರು ಇಡೀ ಆಫೀಸು.

ಹೆಬ್ಬಗೋಡಿಯಲ್ಲಿ ಮೆಟ್ರೊ ಹಳದಿ ಮಾರ್ಗದ ಕಂಬಗಳು ಇನ್ನೂ ಎದ್ದಿರದ ಕಾಲ. ಹೊಸೂರು ರಸ್ತೆಯ ಮೇಲ್ಸೇತುವೆ 2010ರಲ್ಲಿ ಬಂದಿತ್ತು, ಆದರೆ ಅದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಮ್ಮನ್ನು ಇಳಿಸಿ ಕೈತೊಳೆದುಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ದೂಳು, ಲಾರಿ, ಪಾಳಿ ಬಿಟ್ಟವರ ಜಂಗುಳಿ. ಬೊಮ್ಮಸಂದ್ರದ ಅಂಚಿಗೆ ಒಂದು ಬಿಡಿಭಾಗ ತಯಾರಿಸುವ ಕಾರ್ಖಾನೆ. ಅದರ ಮಹಡಿಯ ಹಿಂಬದಿ ಕೋಣೆಯಲ್ಲಿ ನಮ್ಮ ಸರ್ವರ್. ಅದು ನಿಂತರೆ ಬಿಲ್ ಮುದ್ರಣವಾಗದು, ಬಿಲ್ ಇಲ್ಲದೆ ಗೇಟು ತೆರೆಯದು. ಹೀಗಾಗಿ ನಮ್ಮ ಯಂತ್ರದ ಆರೋಗ್ಯ ಗೇಟಿನ ಹತ್ತಿರ ನಿಂತ ಲಾರಿಗಳ ಸಾಲು ನೋಡಿದರೇ ಗೊತ್ತಾಗುತ್ತಿತ್ತು.

ಮಳೆಗಾಲ ಶುರುವಾದ ಮೇಲೆ ಅದು ನಿಲ್ಲತೊಡಗಿತು. ಒಮ್ಮೆ ಮಧ್ಯರಾತ್ರಿ, ಒಮ್ಮೆ ತಿಂಗಳ ಕೊನೆಯ ದಿನ. ಮತ್ತೆ ಹಚ್ಚಿದರೆ ಏಳುತ್ತದೆ, ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಪೆಟ್ಟಿಗೆ ತಾಗಿದ್ದು ಎಲ್ಲರಿಗೂ ನೆನಪಾಯಿತು. ಬೋರ್ಡು ಒಳಗೇ ಬಿರುಕು ಬಿಟ್ಟಿದೆ ಅಂದರು. ಸಾಗಣೆ ಗುತ್ತಿಗೆದಾರನ ಬಾಕಿ ಬಿಲ್ಲನ್ನು ಲೆಕ್ಕಪತ್ರ ವಿಭಾಗ ತಡೆಹಿಡಿಯಿತು. ಅವನು ತಮಿಳು ಬೆರೆತ ಕನ್ನಡದಲ್ಲಿ ಒಂದೇ ಮಾತು ಹೇಳುತ್ತಿದ್ದ: "ತಾಗಿದ್ದು ಮರದ ಚೌಕಟ್ಟು ಸಾರ್, ಮೆಷಿನ್ ಅಲ್ಲ."

ಸರ್ವರಿನ ದಾಖಲೆ ತೆಗೆದು ನೋಡಿದರೆ ದೂರೆಲ್ಲ ಮೆಮೊರಿಯದೇ. ಸರ್ವರ್‌ಗಳಲ್ಲಿ ಹಾಕುವ ಇಸಿಸಿ ಮೆಮೊರಿ ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ, ತಿದ್ದಿದ್ದನ್ನು ಬರೆದಿಡುತ್ತದೆ. ಎರಡು ಬಿಟ್ ಒಟ್ಟಿಗೆ ತಪ್ಪಿದರೆ ತಿದ್ದಲಾರದು. ತಪ್ಪು ಲೆಕ್ಕ ಕೊಡುವುದಕ್ಕಿಂತ ನಿಲ್ಲುವುದೇ ಮೇಲೆಂದು ಯಂತ್ರ ನಿಂತುಬಿಡುತ್ತದೆ. ನಮ್ಮಲ್ಲಿ ತಿದ್ದುಪಡಿಯ ಸಾಲು ವಾರವಾರವೂ ಉದ್ದವಾಗುತ್ತ ಬಂದಿತ್ತು. ಪೆಟ್ಟು ಬಿದ್ದು ಕೆಟ್ಟಿದ್ದರೆ ಮೊದಲ ದಿನವೇ ಕೆಟ್ಟಿರಬೇಕಿತ್ತಲ್ಲ? ನನ್ನನ್ನು ಕಾಡಿದ್ದು ಅದು. ಆದರೆ ಮೆಮೊರಿ ಪಟ್ಟಿ ಕಿತ್ತು, ಒರೆಸಿ, ಮತ್ತೆ ಕೂರಿಸಿದರೆ ಕೆಲವು ದಿನ ಸುಧಾರಿಸುತ್ತಿತ್ತು. "ನೋಡಿ, ಲೂಸ್ ಆಗಿದೆ, ಬಿದ್ದದ್ದರಿಂದಲೇ" ಎನ್ನುವವರಿಗೆ ಅಷ್ಟು ಸಾಕಾಗಿತ್ತು.

ಇಂಥ ಕಡೆ ವಾದಕ್ಕಿಂತ ಅದಲುಬದಲು ಒಳ್ಳೆಯದು. ದೂರಿರುವ ಪಟ್ಟಿಯನ್ನು ಬೇರೆ ಗೂಡಿಗೆ ಹಾಕಬೇಕು. ದೂರು ಗೂಡಿನಲ್ಲೇ ಉಳಿದರೆ ಬೋರ್ಡಿನ ದೋಷ, ಪಟ್ಟಿಯ ಹಿಂದೆ ಹೋದರೆ ಪಟ್ಟಿಯದು. ಹಿಂದೆಯೇ ಹೋಯಿತು. ಅಲ್ಲಿಗೆ ಬಿರುಕಿನ ಕಥೆ ಅರ್ಧ ಸತ್ತಿತು. ಉಳಿದರ್ಧ ಸತ್ತದ್ದು ಹೊಸ ಪಟ್ಟಿಗಳು ಬಂದ ಮೇಲೆ. ಅವನ್ನು ಇಂಜಿನಿಯರ್ ತನ್ನ ಬ್ಯಾಗಿನಲ್ಲಿ ತಂದಿದ್ದ, ಆ ಲಾರಿಯನ್ನು ಅವು ಕಂಡೇ ಇರಲಿಲ್ಲ. ಕೆಲವು ತಿಂಗಳಲ್ಲಿ ಅವೂ ಅದೇ ರಾಗ ತೆಗೆದವು.

ದಾರಿ ತೋರಿಸಿದವನು ಎಸಿ ಮೆಕ್ಯಾನಿಕ್. ಆ ಕೋಣೆಯ ಎಸಿಗೆ ಗ್ಯಾಸ್ ನಿಲ್ಲುತ್ತಿರಲಿಲ್ಲ, ತುಂಬಿಸಿ ತುಂಬಿಸಿ ಅವನಿಗೇ ಬೇಜಾರು. ಹೊರಗೆಳೆದ ತಾಮ್ರದ ಕಾಯಿಲ್ ಇದ್ದಿಲಿನಷ್ಟು ಕಪ್ಪಗಿತ್ತು. "ಬೆಳ್ಳಂದೂರು, ವರ್ತೂರು ಕಡೆ ಮನೆಮನೆಗೂ ಇದೇ ಸಾರ್. ಕೆರೆ ನಾತ ಎಲ್ಲಿದೆಯೋ ಅಲ್ಲಿ ಕಾಯಿಲ್ ಉಳಿಯಲ್ಲ" ಅಂದ. ನಮ್ಮ ಹಿಂದಿನ ಕಿಟಕಿಯಿಂದ ಕಾಣುತ್ತಿದ್ದುದೂ ಚರಂಡಿ ನೀರು ಹೊತ್ತ ಕಾಲುವೆಯೇ. ಎಸಿ ಸೋತ ರಾತ್ರಿಗಳಲ್ಲಿ ಕಾವಲಿನವನು ಯಂತ್ರಕ್ಕೆ ಸೆಕೆಯಾಗದಿರಲೆಂದು ಆ ಕಿಟಕಿ ತೆರೆದು, ಫ್ಯಾನು ಹಚ್ಚಿ ಹೋಗುತ್ತಿದ್ದ. ಪಾಪ, ಅವನದು ಒಳ್ಳೆಯ ಮನಸ್ಸು.

ಕೊಳಚೆ ನೀರು ಕೊಳೆತಾಗ ಬರುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನೂ ಬೆಳ್ಳಿಯನ್ನೂ ಬಿಡುವುದಿಲ್ಲ. ತೇವ ಸೇರಿದರಂತೂ ಇನ್ನೂ ಚುರುಕು. ಮೆಮೊರಿ ಪಟ್ಟಿಯ ಮೇಲಿರುವ ಸಾಸಿವೆಗಿಂತ ಚಿಕ್ಕ ರೆಸಿಸ್ಟರ್‌ಗಳ ಒಳ ಸಂಪರ್ಕ ಬೆಳ್ಳಿಯದು. ಅದು ಸಲ್ಫೈಡ್ ಆಗುತ್ತಾ ಹೋದಂತೆ ವಿದ್ಯುತ್ತಿನ ದಾರಿ ಕಡಿಯುತ್ತದೆ. ಭೂತಗನ್ನಡಿ ಹಿಡಿದರೆ ಅವುಗಳ ಅಂಚಿನಲ್ಲಿ ಕರಿ ಕೂದಲಿನಂಥದ್ದು ಬೆಳೆದಿತ್ತು. ಯುರೋಪು 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಎಷ್ಟೋ ತಯಾರಕರು ಬೋರ್ಡುಗಳಿಗೆ ಬೆಳ್ಳಿಯ ತೆಳು ಲೇಪ ಕೊಡತೊಡಗಿದ್ದರು. ಆರೋಗ್ಯಕ್ಕೆ ಒಳ್ಳೆಯ ನಿಯಮವೇ. ನಮ್ಮ ಕಾಲುವೆಯ ಗಾಳಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೇಳಿದರೆ ಮ್ಯಾನೇಜರ್ ನಕ್ಕರು. ವಾಸನೆಗೆ ಕಂಪ್ಯೂಟರ್ ಕೆಡುತ್ತದೆಯೇ? ಅದಕ್ಕೆ ಬೆಳ್ಳಿ ಅಂಗಡಿಯಿಂದ ಒಂದು ತುಂಡು ತಂತಿ, ಎಲೆಕ್ಟ್ರಿಷಿಯನ್ ಹತ್ತಿರ ತಾಮ್ರದ್ದು ತಂದು, ಉಜ್ಜಿ ಹೊಳಪು ಮಾಡಿ, ಸರ್ವರ್ ಪಕ್ಕ ನೇತುಹಾಕಿದೆವು. ಅಂಥದೇ ಜೋಡಿಯೊಂದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟೆವು. ತಿಂಗಳಾದ ಮೇಲೆ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ಮ್ಯಾನೇಜರ್ ಏನೂ ಮಾತಾಡಲಿಲ್ಲ, ಕಾಗದ ತರಿಸಿ ಸಹಿ ಹಾಕಿದರು. ಇದು ನಮ್ಮ ಮನೆವಿದ್ಯೆಯೇನಲ್ಲ. ಪ್ರಯೋಗಾಲಯಗಳೂ ಹೀಗೇ ಲೋಹದ ತುಂಡು ತೂಗುಹಾಕಿ ಅಳೆಯುತ್ತವೆ. ಅಮೆರಿಕದ ಆಶ್ರೇ ಸಂಸ್ಥೆಯ 2011ರ ಮಾರ್ಗಸೂಚಿಯ ಪ್ರಕಾರ ಡೇಟಾ ಸೆಂಟರಿನಲ್ಲಿ ತಿಂಗಳಿಗೆ ತಾಮ್ರದ ಮೇಲೆ 300 ಆಂಗ್‌ಸ್ಟ್ರಾಮ್, ಬೆಳ್ಳಿಯ ಮೇಲೆ 200 ಆಂಗ್‌ಸ್ಟ್ರಾಮ್‌ಗಿಂತ ಹೆಚ್ಚು ಕಿಲುಬು ಕಟ್ಟಬಾರದು. 300 ಆಂಗ್‌ಸ್ಟ್ರಾಮ್ ಅಂದರೆ ಕೂದಲೆಳೆಯ ದಪ್ಪದಲ್ಲಿ ಸುಮಾರು ಎರಡು ಸಾವಿರದಲ್ಲೊಂದು ಪಾಲು. ನಮ್ಮದು ಬರಿಗಣ್ಣಿಗೇ ಕಾಣುತ್ತಿತ್ತು.

ಕಿಟಕಿಗೆ ಇಟ್ಟಿಗೆ ಬಿತ್ತು. ಕೋಣೆಯೊಳಗೆ ಶುದ್ಧ ಗಾಳಿ ತುಂಬಿ ಒತ್ತಡ ಕೊಂಚ ಹೆಚ್ಚಿಡುವ ಸೋಸುಯಂತ್ರ ತರಿಸಿದೆವು. ಅದರ ಹೊಟ್ಟೆಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಹೀರಿಸಿದ ನೇರಳೆ ಗೋಲಿಗಳು. ಕಂದು ಬಣ್ಣಕ್ಕೆ ತಿರುಗಿದರೆ ಬದಲಿಸುವ ಹೊತ್ತು ಬಂತೆಂದು ಅರ್ಥ. ಮೊದಲ ಕಂತು ನಾವೆಣಿಸಿದ್ದಕ್ಕಿಂತ ಬೇಗ ಕಂದಾಯಿತು. ಹೆಬ್ಬಗೋಡಿ ಕೆರೆಯನ್ನು ಆಮೇಲೆ ಬಯೋಕಾನ್ ಫೌಂಡೇಶನ್ ಶುಚಿಗೊಳಿಸಿ, ಗಿಡ ನೆಟ್ಟ ತೇಲುದ್ವೀಪಗಳನ್ನು ಬಿಟ್ಟಿತು. ಅಷ್ಟರಲ್ಲಿ ನಾನು ಆ ಕೆಲಸ ಬಿಟ್ಟಾಗಿತ್ತು.

ಸಾಗಣೆಯವನ ಬಿಲ್ಲು ಪಾಸಾಯಿತು, ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಸೋಸುಯಂತ್ರ ಬಂದ ದಿನ ಅದನ್ನು ಇಳಿಸಲು ಬಂದವನು ಅವನೇ. ಪೆಟ್ಟಿಗೆಗೆ ಕೈ ಹಚ್ಚುವ ಮೊದಲು ಸುತ್ತ ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೊ ಹೊಡೆದ, ಹಾಳೆಯಲ್ಲಿ 'ಮಾಲು ಸರಿಯಿದೆ' ಎಂದು ಬರೆಸಿ ಮ್ಯಾನೇಜರರ ರುಜು ಹಾಕಿಸಿಕೊಂಡ. ಆಮೇಲೆ ಹುಡುಗರಿಗೆ, "ಹೂಂ, ಎತ್ರಪ್ಪಾ" ಅಂದ.