ಬಸ್ಸೋ, ರೈಲೋ? – ಒಂದು ಆಯ್ಕೆಯ ಲೆಕ್ಕ

ಮನುಷ್ಯನು ಬೆಳಗ್ಗೆ ಮನೆಯಿಂದ ಹೊರಡುವಾಗ ಹಲವು ಲೆಕ್ಕಗಳನ್ನು ಮಾಡುತ್ತಾನೆ. ಬಸ್ಸಿನಲ್ಲಿ ಹೋಗುವುದೇ, ರೈಲಿನಲ್ಲೇ? ಯಾವುದು ಬೇಗ ತಲಪುತ್ತದೆ? ಯಾವುದಕ್ಕೆ ಖರ್ಚು ಕಡಿಮೆ? ನಿಲ್ದಾಣಕ್ಕೆ ಎಷ್ಟು ದೂರ ನಡೆಯಬೇಕು? ಕಾಗದ ಪೆನ್ಸಿಲು ಹಿಡಿಯದಿದ್ದರೂ ಮನಸ್ಸು ಈ ಕೂಡಿಸುವ ಕಳೆಯುವ ಕೆಲಸವನ್ನು ಕ್ಷಣದಲ್ಲಿ ಮುಗಿಸಿಬಿಡುತ್ತದೆ. ಲಕ್ಷಾಂತರ ಜನರಿರುವ ಪಟ್ಟಣದಲ್ಲಿ ಯಾರು ಯಾವ ವಾಹನ ಹತ್ತುವರೆಂದು ಮೊದಲೇ ಹೇಳಬಹುದೇ? ಹೇಳಬಹುದು ಎಂದು ನಮ್ಮ ಗಣಿತದ ಮಾಸ್ತರರು ಒಂದು ದಿನ ತರಗತಿಯಲ್ಲಿ ವಿವರಿಸಿದರು.

ಹತ್ತನೆಯ ತರಗತಿ ಮುಗಿಸಿ ಹೊರಡಲಿರುವ ನಮಗೆ ಇದು ಬರಿಯ ಲೆಕ್ಕದ ವಿಷಯವಲ್ಲ. ಮುಂದಿನ ಓದು ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಎಂಬ ಮಾತು ನಮ್ಮ ಮನೆಗಳಲ್ಲಿ ಈಗ ದಿನವೂ ನಡೆಯುತ್ತಿದೆ. ಅದರ ಬೆನ್ನಿಗೇ "ಹೋಗಿ ಬರುವುದು ಹೇಗೆ?" ಎಂಬ ಪ್ರಶ್ನೆಯೂ ಬರುತ್ತದೆ.

ಅಮೆರಿಕದ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಕಾರುಗಳದ್ದೇ ರಾಜ್ಯ. ಅಲ್ಲಿ 1972ರಲ್ಲಿ 'ಬಾರ್ಟ್' ಎಂಬ ಹೊಸ ವಿದ್ಯುತ್ ರೈಲು ಆರಂಭವಾಯಿತು. 1974ರಲ್ಲಿ ಅದು ಕೊಲ್ಲಿಯ ನೀರಿನಡಿಯ ಸುರಂಗದಲ್ಲಿಯೂ ಓಡತೊಡಗಿತು. ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 15 ಮಂದಿ ಈ ರೈಲನ್ನು ಹತ್ತುವರೆಂದು ಅಧಿಕೃತ ಅಂದಾಜು ಇತ್ತು. ಬರ್ಕ್ಲಿ ವಿಶ್ವವಿದ್ಯಾಲಯದ ಡೇನಿಯಲ್ ಮೆಕ್‌ಫ್ಯಾಡೆನ್ ಎಂಬ ಅರ್ಥಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ರೈಲು ಬರುವ ಮೊದಲೇ ಅವರ ತಂಡವು 771 ಮಂದಿಯ ಪ್ರಯಾಣದ ವಿವರಗಳನ್ನು ಕಲೆಹಾಕಿತು. ಕಾರೋ ಬಸ್ಸೋ, ಎಷ್ಟು ಹೊತ್ತು, ಎಷ್ಟು ಖರ್ಚು ಎಂಬುದರಿಂದ ಜನರು ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತಾರೆಂದು ಲೆಕ್ಕ ಹಾಕಿ, ಆ ಲೆಕ್ಕದೊಳಗೆ ಹೊಸ ರೈಲನ್ನು ಸೇರಿಸಿದರು. ಉತ್ತರ 6.3 ಬಂತು. ರೈಲು ಓಡಿದ ಮೇಲೆ ಎಣಿಸಿದರೆ 6.2! ಇಂಥ ಆಯ್ಕೆಗಳ ಅಧ್ಯಯನಕ್ಕಾಗಿ 2000ದಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯು ಜೇಮ್ಸ್ ಹೆಕ್‌ಮನ್ ಅವರೊಂದಿಗೆ ದೊರೆಯಿತು.

ಲೆಕ್ಕದ ತಿರುಳು ಹೀಗಿದೆ. ಪ್ರತಿಯೊಂದು ವಾಹನಕ್ಕೂ ಒಂದು ಅಂಕ ಕೊಡಬೇಕು. ಹಣ ಹೆಚ್ಚಾದರೆ ಅಂಕ ಇಳಿಯುತ್ತದೆ. ಸಮಯ ಹೆಚ್ಚಾದರೂ ಇಳಿಯುತ್ತದೆ. ಆದರೆ ಎಲ್ಲ ನಿಮಿಷಗಳೂ ಸಮಾನವಲ್ಲ. ಬಸ್ಸಿನೊಳಗೆ ಕುಳಿತು ಕಳೆದ ಹತ್ತು ನಿಮಿಷಕ್ಕಿಂತ ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಕಾದ ಹತ್ತು ನಿಮಿಷ ಎಷ್ಟು ದೀರ್ಘವೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಾಯುವ ಮತ್ತು ನಡೆಯುವ ಒಂದು ನಿಮಿಷವನ್ನು ಜನರು ಕುಳಿತ ನಿಮಿಷದ ಸುಮಾರು ಎರಡರಷ್ಟು ಭಾರವಾಗಿ ಎಣಿಸುತ್ತಾರೆಂದು ಅನೇಕ ಊರುಗಳ ಅಧ್ಯಯನಗಳಲ್ಲಿ ಕಂಡುಬಂದಿದೆ.

ಅಂಕ ಹೆಚ್ಚಿರುವ ವಾಹನಕ್ಕೇ ಎಲ್ಲರೂ ನುಗ್ಗುವುದಿಲ್ಲ. ಒಬ್ಬರಿಗೆ ಗೆಳೆಯರ ಜೊತೆ ಬೇಕು, ಇನ್ನೊಬ್ಬರಿಗೆ ಕಿಟಕಿಯ ಪಕ್ಕದ ಸೀಟು ಬೇಕು. ಆದುದರಿಂದ ಈ ಲೆಕ್ಕವು ಪಾಲುಗಳನ್ನು ಮಾತ್ರ ಹೇಳುತ್ತದೆ. ಎರಡರ ಅಂಕಗಳು ಸಮವಾದರೆ ಅರ್ಧಕ್ಕರ್ಧ. ವ್ಯತ್ಯಾಸ ಒಂದಾದರೆ ಸುಮಾರು 73ಕ್ಕೆ 27. ಎರಡಾದರೆ 88ಕ್ಕೆ 12. 2.718 ಎಂಬ ಸಂಖ್ಯೆಯನ್ನು ಪ್ರತಿಯೊಂದು ಅಂಕದ ಘಾತಕ್ಕೆ ಏರಿಸಿ, ಬಂದುದನ್ನು ಒಟ್ಟು ಮೊತ್ತದಿಂದ ಭಾಗಿಸಿದರೆ ಈ ಪಾಲು ಸಿಗುತ್ತದೆ. ತಮ್ಮಂದಿರೂ ತಂಗಿಯರೂ ಮಾಡಿ ನೋಡಬಹುದು.

ಈ ಲೆಕ್ಕಕ್ಕೆ ಒಂದು ತಮಾಷೆಯ ತೊಡಕೂ ಇದೆ. ಒಂದೂರಿನಲ್ಲಿ ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಕೆಂಪು ಬಸ್ಸಿನಲ್ಲಿ ಹೋಗುತ್ತಾರೆಂದು ಇಟ್ಟುಕೊಳ್ಳೋಣ. ಬಸ್ಸುಗಳಲ್ಲಿ ಅರ್ಧಕ್ಕೆ ನೀಲಿ ಬಣ್ಣ ಬಳಿದರೆ ಲೆಕ್ಕವು ಅವುಗಳನ್ನು ಹೊಸ ವಾಹನವೆಂದು ತಿಳಿದು, ಕಾರಿಗೆ ಮೂರನೆಯ ಒಂದು ಪಾಲು ಮಾತ್ರ ಕೊಡುತ್ತದೆ. ಬಣ್ಣ ನೋಡಿ ಕಾರು ಬಿಡುವವರುಂಟೇ? ಅದಕ್ಕಾಗಿ ವಿದ್ವಾಂಸರು ಮೊದಲು ಕಾರೋ ಬಸ್ಸೋ ಎಂದೂ, ಆಮೇಲೆ ಯಾವ ಬಸ್ಸು ಎಂದೂ ಎರಡು ಮೆಟ್ಟಿಲುಗಳಲ್ಲಿ ಎಣಿಸುವ ಕ್ರಮವನ್ನು ಕಂಡುಕೊಂಡರು.

ಈ ಲೆಕ್ಕವನ್ನು ನಮ್ಮೂರಿಗೆ ಹಚ್ಚಿ ನೋಡಿದೆವು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಕುಂಬಳೆ, ಉಪ್ಪಳ, ಮಂಜೇಶ್ವರದವರಿಗೆ ರೈಲೂ ಇದೆ, ಬಸ್ಸೂ ಇದೆ. ರೈಲಿನ ಟಿಕೇಟು ಅಗ್ಗ, ಆದರೆ ಅದು ಹೊರಡುವ ಹೊತ್ತಿಗೆ ನಾವು ಹೊಂದಿಕೊಳ್ಳಬೇಕು. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆಯವರಿಗೆ ರೈಲಿಲ್ಲ. ರೈಲು ಬೇಕಾದರೆ ಮೊದಲು ಬಸ್ಸು ಹಿಡಿದು ಕರಾವಳಿಗೆ ಇಳಿಯಬೇಕು. ಒಳಗಿನ ಗುಡ್ಡದ ಮನೆಗಳವರಿಗೆ ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸಾದರೆ ಅದೇ ದೊಡ್ಡದು. ಪಟ್ಟಿಯಲ್ಲಿ ಒಂದೇ ವಾಹನವಿದ್ದರೆ ಸೂತ್ರವು ಅದಕ್ಕೆ ನೂರಕ್ಕೆ ನೂರು ಕೊಡುತ್ತದೆ. ಅದನ್ನು ಆಯ್ಕೆ ಎನ್ನಬಹುದೇ?

2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ ಆ ಪಟ್ಟಿಯೇ ಬರಿದಾಯಿತು. ಓದಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಹಿರಿಯರಿಗೆ ದಾರಿ ಎಂಬುದರ ಬೆಲೆ ಆಗ ಚೆನ್ನಾಗಿ ತಿಳಿಯಿತು.

ಇನ್ನೊಂದು ಮಾತು ನಮ್ಮ ಮನಸ್ಸಿಗೆ ನಾಟಿತು. ಬಸ್ಸಿನಲ್ಲಿ ಕುಳಿತವರನ್ನು ಎಣಿಸಿದರೆ ಬಸ್ಸು ಹತ್ತಿದವರು ಮಾತ್ರ ಸಿಗುತ್ತಾರೆ. ಸಂಜೆಯ ಕೊನೆಯ ಬಸ್ಸು ಬೇಗ ಹೊರಡುತ್ತದೆಂದು ಇಷ್ಟದ ವಿಷಯವನ್ನು ಬಿಟ್ಟು, ಹತ್ತಿರ ಸಿಕ್ಕಿದ್ದನ್ನು ಓದಿದ ಅಕ್ಕಂದಿರು ನಮ್ಮ ನಡುವೆ ಇದ್ದಾರೆ. ಓದನ್ನೇ ನಿಲ್ಲಿಸಿದವರೂ ಇದ್ದಾರೆ. ಅವರು ಯಾವ ಬಸ್ಸಿನ ಎಣಿಕೆಯಲ್ಲಿ ಬರುತ್ತಾರೆ? "ಈ ದಾರಿಯಲ್ಲಿ ಜನರೇ ಇಲ್ಲ, ಬಸ್ಸೇಕೆ?" ಎನ್ನುವವರು ಮನೆಯಲ್ಲೇ ಉಳಿದವರನ್ನೂ ಒಮ್ಮೆ ಕೇಳಬೇಕು. ಮೆಕ್‌ಫ್ಯಾಡೆನ್ ಅವರ ತಂಡ ಇನ್ನೂ ಬಾರದ ರೈಲಿನ ಪ್ರಯಾಣಿಕರನ್ನು ಲೆಕ್ಕ ಹಾಕಿತು. ಹಾಗೆಯೇ ನಮ್ಮ ದಾರಿಗೆ ಇನ್ನೂ ಬಾರದ ಬಸ್ಸಿನ ಪ್ರಯಾಣಿಕರನ್ನೂ ಲೆಕ್ಕ ಹಾಕಬಹುದು.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಓದಿನ ಮಾತು ಬಂದಾಗ ಬಸ್ಸಿನ ವೇಳೆಯನ್ನು ನೋಡುವುದಕ್ಕೆ ಮೊದಲು ನಮಗೆ ಏನು ಓದಬೇಕೆಂದಿದೆ ಎಂದು ಕೇಳಿರಿ. ಬಸ್ಸು ಸಾಲದಿದ್ದರೆ ನಮ್ಮೂರಿನವರೆಲ್ಲ ಸೇರಿ, ಎಷ್ಟು ಮಕ್ಕಳಿಗೆ ಯಾವ ಹೊತ್ತಿಗೆ ಬೇಕೆಂದು ಎಣಿಸಿ ಪಂಚಾಯತಿನ ಮುಂದೆ ಇಡೋಣ. ಎಣಿಸುವ ಕೆಲಸಕ್ಕೆ ನಾವು ಸಿದ್ಧರಿದ್ದೇವೆ.