ಮಣ್ಣಿನ ಮೈಲಿಗೆ

ಮೈಲಿಗೆ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಸಗಣಿ, ಗಂಜಲ ಹಾಕಿ, ಮಂತ್ರ ಹೇಳಿ ಆ ಕೆರೆಯನ್ನು ಶುದ್ಧ ಮಾಡಿದರು. 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರದ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ತೊಂಬೆಯ ನೀರು ಕುಡಿದಳು ಅಂತ ತೊಂಬೆ ಖಾಲಿ ಮಾಡಿ ಗಂಜಲದಲ್ಲಿ ತೊಳೆದರು. ತೊಂಬತ್ತೈದು ವರ್ಷದಲ್ಲಿ ಗಂಜಲ ಮಾತ್ರ ಬದಲಾಗಲಿಲ್ಲ.

ಸರಿ. ಪೆಟ್ರೋಲು ಮುಟ್ಟಿದ ಮಣ್ಣಿಗೆ, ನೀರಿಗೆ ಏನು ಹೆಸರು?

ತುಮಕೂರಿನ ಶಿರಾ ಗೇಟ್ ಲಾರಿಗಳ ಜಾಗ. ಬೈಪಾಸ್ ಆಗುವ ಮೊದಲು ಬೆಂಗಳೂರಿಂದ ಪುಣೆ ಕಡೆ ಹೋಗುವ ಲಾರಿಗಳೆಲ್ಲ ಈ ದಾರಿಯಲ್ಲೇ ಉಸಿರು ಬಿಡುತ್ತಿದ್ದವು. ಅಲ್ಲಿನ ಹಳೇ ಬಂಕೊಂದರ ಟ್ಯಾಂಕು ತೆಗೆಸುವಾಗ ಕೂಲಿಗೆ ಹೋದವರು ನಮ್ಮವರು. ಮೇಲಿನ ಮಣ್ಣನ್ನು ಜೆಸಿಬಿ ಎತ್ತುತ್ತೆ. ಬುಡದ ಮೂಲೆಗೆ ಸಲಿಕೆ ಹಿಡಿದು ಇಳಿಯೋನು ಮನುಷ್ಯನೇ. ಆ ಮನುಷ್ಯ ಯಾವ ಕೇರಿಯವನು ಅಂತ ಕೇಳೋದೇ ಬೇಡ.

"ಮಣ್ಣು ವಾಸ್ನೆ ಹೊಡೀತೈತೆ ಸ್ವಾಮಿ, ತಲೆ ತಿರುಗ್ತೈತೆ" ಅಂದರು ನಮ್ಮ ದೊಡ್ಡಪ್ಪ.

"ಬಂಕಿನ ಮಣ್ಣು ಮಲ್ಲಿಗೆ ವಾಸ್ನೆ ಬರ್ತದೇನ್ಲಾ? ತುಂಬು" ಅಂದ ಮೇಸ್ತ್ರಿ.

ತುಂಬಿದರು. ಟ್ರಾಕ್ಟರು ಹೋಯಿತು. ಎಲ್ಲಿಗೆ? ತಗ್ಗು ತುಂಬೋದಕ್ಕೆ. ತಗ್ಗು ಎಲ್ಲಿರುತ್ತೆ? ನಮ್ಮ ಮನೆಗಳಿರೋ ಕಡೆ.

ಹಟ್ಟಿಯಲ್ಲಿ ಮೊದಲು ಡಿಗ್ರಿ ಓದಿದವರು ನಾವು. ಓದಿದ್ದು ದೊಡ್ಡಪ್ಪನ ಮೂಗಿಗೆ ಸಾಕ್ಷಿ ಹೇಳೋದಕ್ಕಾದರೂ ಬರಬೇಕಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನೆಲದೊಳಗಿನ ಹಳೇ ಉಕ್ಕಿನ ಟ್ಯಾಂಕು ತುಕ್ಕು ಹಿಡಿದು ತೂತಾಗುತ್ತೆ. ಪೈಪಿನ ಕೀಲುಗಳು ಸಡಿಲವಾಗುತ್ತವೆ. ಹನಿ ಹನಿ ಸೋರಿದ್ದು ಮೇಲೆ ಯಾರಿಗೂ ಕಾಣಲ್ಲ. ಪೆಟ್ರೋಲು ನೀರಿಗಿಂತ ಹಗುರ. ಅಂತರ್ಜಲ ಸಿಕ್ಕಿದಾಗ ಅದರ ಮೇಲೆ ತೇಲುತ್ತೆ. ಅದರಲ್ಲಿರುವ ಬೆಂಜೀನ್ ನೀರಲ್ಲಿ ಕರಗಿ, ನೀರು ಹರಿದ ಕಡೆ ಹರಿಯುತ್ತೆ. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಬಂಡೆಯ ಬಿರುಕು ಹಿಡಿದು ಅದು ಯಾರ ಬೋರಿಗೆ ಇಳಿಯುತ್ತೆ ಅಂತ ಮೇಲೆ ನಿಂತು ಹೇಳೋಕೆ ಆಗಲ್ಲ.

ಬೆಂಜೀನ್ ರಕ್ತದ ಕ್ಯಾನ್ಸರ್ ತರುವಂಥದು. ಕುಡಿಯುವ ನೀರಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಮೇಷ್ಟ್ರುಗಳು ಮಕ್ಕಳ ಕೈಲಿ ಈ ಲೆಕ್ಕ ಹಾಕಿಸಬೇಕು: ಒಂದೇ ಒಂದು ಗ್ರಾಂ ಬೆಂಜೀನ್ ಒಂದು ಲಕ್ಷ ಲೀಟರ್ ನೀರನ್ನು ಆ ಗಡಿಗೆ ತಂದು ನಿಲ್ಲಿಸುತ್ತೆ. ನೀರಲ್ಲಿ ಅದರ ವಾಸನೆ ಮೂಗಿಗೆ ತಿಳಿಯೋ ಹೊತ್ತಿಗೆ ಗಡಿ ಯಾವತ್ತೋ ದಾಟಿರುತ್ತೆ.

ಆದ್ದರಿಂದ ಟ್ಯಾಂಕು ಎತ್ತಿದ ದಿನವೇ ಪರೀಕ್ಷೆ ನಡೀಬೇಕು. ಗುಂಡಿಯ ತಳದಿಂದ, ನಾಲ್ಕೂ ಗೋಡೆಯಿಂದ, ಪೈಪು ಹಾದ ಜಾಗದಿಂದ, ಪಂಪಿನ ಅಡಿಯಿಂದ ಮಣ್ಣು ತೆಗೀಬೇಕು. ಟ್ಯಾಂಕಿನ ಸುತ್ತ ತುಂಬಿದ ಮರಳಲ್ಲ, ಅದರಾಚೆಯ ಮೂಲ ಮಣ್ಣು. ಗಾಳಿಗೆ ಆವಿಯಾಗದ ಹಾಗೆ ಗಾಜಿನ ಸೀಸೆಗೆ ಬಿಗಿಯಾಗಿ ತುಂಬಿ, ಐಸಿನಲ್ಲಿಟ್ಟು ಪ್ರಯೋಗಶಾಲೆಗೆ ಕಳಿಸಬೇಕು. ನೀರು ಹರಿಯುವ ದಿಕ್ಕು ನೋಡಿ ಬಂಕಿನ ಮೇಲ್ಗಡೆ ಒಂದು, ಕೆಳಗಡೆ ಎರಡು ಮೂರು ಬೋರಿನ ನೀರು ನೋಡಬೇಕು. ಫಲಿತಾಂಶ ಬರೋವರೆಗೆ ಒಂದು ಬಾಂಡ್ಲಿ ಮಣ್ಣೂ ಹೊರಗೆ ಹೋಗಬಾರದು.

ಗುಂಡಿಗಿಳಿಯುವ ಜೀವದ ಮಾತು ಬೇರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲೇ ಕೂರುತ್ತೆ. ಒಂದು ಬೀಡಿ ಕಿಡಿ ಸಾಕು. ಟ್ಯಾಂಕಿನಲ್ಲಿ ಆವಿ ಇಲ್ಲ ಅಂತ ಪರೀಕ್ಷಿಸಿ ಬರೆದುಕೊಟ್ಟ ಮೇಲೇ ಮನುಷ್ಯ ಒಳಗೆ ಹೋಗಬೇಕು ಅನ್ನುವ ನಿಯಮ ಪುಸ್ತಕದಲ್ಲೈತೆ. ಪುಸ್ತಕ ಗುಂಡಿಗೆ ಇಳಿಯಲ್ಲ.

ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಮನೆಮನೆಯ ಬೋರಿನಲ್ಲಿ ಎಣ್ಣೆ ಬಂತು. ಮಣ್ಣಡಿಯ ತೈಲದ ಕೊಳವೆ ಸೋರಿತ್ತು. ಮೊದಲು ಕಂಡುಹಿಡಿದದ್ದು ಯಂತ್ರವಲ್ಲ, ನೀರು ಸೇದಿದ ಜನ. ಅವರು ಬಾಯಿ ಮಾಡಿದ್ದರಿಂದಲೇ ವಿಷಯ ಹಸಿರು ನ್ಯಾಯಮಂಡಳಿವರೆಗೆ ಹೋಯಿತು.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿಯಮ ಹೊರಡಿಸಿದೆ. ಅನುಮಾನದ ಜಾಗಗಳನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ಮಾಡಬೇಕು. ಕೆಡಿಸಿದವನೇ ಶುದ್ಧಿಯ ಖರ್ಚು ಕೊಡಬೇಕು. ಕಾಗದದ ಮೇಲೆ ಚೆಂದವಾಗೈತೆ. ಆದರೆ ಪಟ್ಟಿಗೆ ಹೆಸರು ಸೇರಬೇಕಾದರೆ ಯಾರೋ ಒಬ್ಬರು ಅರ್ಜಿ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಬೇಕು.

ಗೆಳೆಯರೇ, ನಿಮ್ಮೂರಿನ ಬಂಕಿನ ಟ್ಯಾಂಕು ಎತ್ತುವ ದಿನ ಗುಂಡಿಯ ಹತ್ತಿರ ಹೋಗಿ ನಿಲ್ಲಿ. ಮಣ್ಣಿನ ಪರೀಕ್ಷೆ ಎಲ್ಲಿ ಅಂತ ಕೇಳಿ. ಟ್ರಾಕ್ಟರು ಎಲ್ಲಿಗೆ ಹೋಗ್ತೈತೆ ಅಂತ ಕೇಳಿ. ಗುಂಡಿಯೊಳಗಿದ್ದವನು ಏನಂದ ಅಂತ ಅವನ ಮಾತಲ್ಲೇ ಬರೆದುಕೊಳ್ಳಿ. ನಮ್ಮ ಕೈ ಮುಟ್ಟಿದ ನೀರನ್ನು ತೊಳೆಯೋಕೆ ಒಂದೇ ದಿನದಲ್ಲಿ ಗಂಜಲ ಹುಡುಕಿದ ಈ ಸಮಾಜಕ್ಕೆ, ವಿಷ ಮುಟ್ಟಿದ ಮಣ್ಣಿನ ಪ್ರಾಥಮಿಕ ಪರಿಶೀಲನೆಗೇ ತೊಂಬತ್ತು ದಿನ ಕೊಟ್ಟಿದ್ದಾರೆ. ದಿನ ಎಣಿಸುವ ಕೆಲಸ ನಮ್ಮದು.