ಅಕ್ಟೋಬರ್ ಅನಿಮೆ: ನನಗೆ ಹಿಡಿಸಿದ ಎರಡು

ಜಪಾನಿನ ಟಿ.ವಿ.ಯಲ್ಲಿ ಅನಿಮೆಗೆ ವರ್ಷಕ್ಕೆ ನಾಲ್ಕು ಸುಗ್ಗಿ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಪ್ರತಿ ಸುಗ್ಗಿಗೂ ಹತ್ತಾರು ಹೊಸ ಸರಣಿಗಳು. ಎಲ್ಲವನ್ನೂ ನೋಡೋಕೆ ಪುಣೆಯ ಐಟಿ ನೌಕರನಿಗೆ ಪುರುಸೊತ್ತೆಲ್ಲಿ? ಮೂರು ಕಂತು ನೋಡುವುದು, ಹಿಡಿಸದಿದ್ದರೆ ಬಿಡುವುದು. ಅನಿಮೆ ಪ್ರಿಯರ ಈ ಹಳೇ ಪದ್ಧತಿಯೇ ನನ್ನದೂ. 2023ರ ಈ ಅಕ್ಟೋಬರ್‌ನಲ್ಲಿ ಎರಡು ಸರಣಿಗಳು ಪಾಸಾಗಿವೆ.

ಮೊದಲನೆಯದು ನತ್ಸು ಹ್ಯೂಗಾ ಅವರ ಕಾದಂಬರಿ ಆಧರಿಸಿದ ‘ದಿ ಅಪೋಥೆಕರಿ ಡೈರೀಸ್’. ಹಳೆಯ ಚೀನಾವನ್ನು ಹೋಲುವ ಒಂದು ರಾಜ್ಯ. ಅಂತಃಪುರದ ಕೆಲಸದಾಳು ಮಾವೊಮಾವೊಗೆ ಔಷಧಿ, ವಿಷ ಎರಡರದ್ದೂ ಹುಚ್ಚು. ರಾಜನ ಕೂಸುಗಳು ಉಳಿಯುತ್ತಿಲ್ಲ. ಶಾಪ ಅಂತ ಎಲ್ಲರೂ ಪಿಸುಗುಡುವಾಗ ಇವಳು ಲಕ್ಷಣಗಳನ್ನು ಕೂಡಿಸಿ ನೋಡಿ, ಮುಖಕ್ಕೆ ಹಚ್ಚುವ ಬಿಳಿ ಪುಡಿಯಲ್ಲೇ ವಿಷವಿದೆ ಅಂತ ಹಿಡಿಯುತ್ತಾಳೆ. ಸೀಸ ಬೆರೆತ ಇಂಥ ಪುಡಿ ಜಪಾನ್, ಯುರೋಪುಗಳಲ್ಲಿ ನಿಜಕ್ಕೂ ಬಳಕೆಯಲ್ಲಿತ್ತು. ಉತ್ತರವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದಿಟ್ಟು ಸುಮ್ಮನಾಗುತ್ತಾಳೆ. ರಾತ್ರಿಯೆಲ್ಲ ಬಗ್ ಹುಡುಕಿ, ಬೆಳಗ್ಗೆ ಹೆಸರು ಹೇಳಿಕೊಳ್ಳದ ಸಹೋದ್ಯೋಗಿಯೊಬ್ಬ ನೆನಪಾದ.

ಎರಡನೆಯದು ‘ಫ್ರೀರೆನ್’. ನಿಪ್ಪಾನ್ ಟಿ.ವಿ. ಸೆಪ್ಟೆಂಬರ್ 29ರಂದು ನಾಲ್ಕು ಕಂತುಗಳನ್ನು ಒಟ್ಟಿಗೇ, ಎರಡು ಗಂಟೆಯ ಸಿನಿಮಾದಂತೆ ತೋರಿಸಿತು. ಬೇರೆ ಕಥೆಗಳು ಮುಗಿಯುವಲ್ಲಿ ಇದು ಶುರು. ಹತ್ತು ವರ್ಷ ಅಲೆದು ರಾಕ್ಷಸರಾಜನನ್ನು ಕೊಂದ ನಾಲ್ವರು ಊರಿಗೆ ಮರಳಿದ್ದಾರೆ. ಅವರಲ್ಲಿ ಫ್ರೀರೆನ್ ಎಲ್ಫ್ ಕುಲದವಳು, ಸಾವಿರ ವರ್ಷ ದಾಟಿದವಳು. ಐವತ್ತು ವರ್ಷಕ್ಕೊಮ್ಮೆ ಬರುವ ಉಲ್ಕೆಗಳ ಮಳೆಯನ್ನು ಮುಂದಿನ ಸಲ ಇನ್ನೂ ಒಳ್ಳೇ ಜಾಗದಿಂದ ತೋರಿಸ್ತೀನಿ ಅಂತ, ಮುಂದಿನ ವಾರ ಸಿಗೋಣ ಅನ್ನುವಷ್ಟು ಹಗುರವಾಗಿ ಹೇಳಿ ಹೊರಡುತ್ತಾಳೆ. ಮರಳಿದಾಗ ನಾಯಕ ಹಿಮ್ಮೆಲ್ ಹಣ್ಣು ಮುದುಕ. ಅವನ ಅಂತ್ಯಸಂಸ್ಕಾರದಲ್ಲಿ, ಅವನ ಬಗ್ಗೆ ತನಗೇನೂ ಗೊತ್ತಿರಲಿಲ್ಲವೆಂದು ಅವಳು ಅಳುತ್ತಾಳೆ.

ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗಕ್ಕೆ ಒಂಬತ್ತರ ಮಗಳ ಓದು ಸಾಲದು. ನಾನೇ ಪಕ್ಕದಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಲ್ಲಿಗೆ ಬಂದಾಗ ಅವಳು ಕೇಳಿದಳು: “ಹತ್ತ ವರ್ಷ ಅಂದ್ರ ಕಡಿಮಿ ಏನಪ್ಪಾ? ನಾನರ ಇನ್ನೂ ಹುಟ್ಟಿ ಹತ್ತ ಆಗಿಲ್ಲ.”

ನಾನು ಲೆಕ್ಕ ಹಾಕಿದೆ. ಧಾರವಾಡದಲ್ಲಿರುವ ಅಪ್ಪನಿಗೆ ಎಪ್ಪತ್ತೆರಡು. ನಾವು ಹೋಗೋದು ಯುಗಾದಿಗೆ, ದೀಪಾವಳಿಗೆ. ಹತ್ತು ವರ್ಷ ಅಂದರೆ ಇಪ್ಪತ್ತು ಭೇಟಿ. ಆ ಭಾನುವಾರ ಫೋನಿನಲ್ಲಿ ಬಿ.ಪಿ., ಮಾತ್ರೆ, ಮಳೆಯ ವಿಚಾರ ಮುಗಿದ ಮೇಲೆ, ಮದುವೆಗೆ ಮುಂಚೆ ಅವರು ಎಲ್ಲಿದ್ದರು, ಏನು ಮಾಡುತ್ತಿದ್ದರು ಅಂತ ಕೇಳಿದೆ. “ಈಗ್ಯಾಕ ಅದೆಲ್ಲಾ?” ಅಂದರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಹುಬ್ಬಳ್ಳಿಯ ಬಾಡಿಗೆ ಕೋಣೆಯಲ್ಲಿ ಅವರು ಕೊಳಲು ಕಲಿಯುತ್ತಿದ್ದುದು ನನಗೆ ಹೊಸ ಸುದ್ದಿ.

ಹೊಡೆದಾಟ ಬೇಕೆಂದರೆ ‘ಫ್ರೀರೆನ್’ ನಿಧಾನ ಅನ್ನಿಸಬಹುದು. ಒಂದು ಹೂವು ಹುಡುಕಲು ಅದು ತಿಂಗಳುಗಟ್ಟಲೆ ಕಾಯುತ್ತದೆ. ಅಪೋಥೆಕರಿಯನ್ನು ಆಫೀಸು ಮುಗಿಸಿ ಬಂದು ನೋಡಿ. ಫ್ರೀರೆನ್ ಅನ್ನು ಮನೆಯವರೊಂದಿಗೆ, ಭಾನುವಾರ, ಊರಿಗೆ ಫೋನ್ ಮಾಡುವ ಮೊದಲು.